ಹಳೇ ಕಾರಿನ ಹಿಂದಿನ ಚಕ್ರಗಳ ಅಲೈನ್‌ಮೆಂಟ್: ಮಾಡಿ ನೋಡಿದವರು ಹೇಳಿ

ಕಾರಿಗೆ 18 ವರ್ಷ. ಹಿಂದಿನ ಟೈರುಗಳ ಒಳ ಅಂಚು ಬೇಗ ಸವೆಯುತ್ತಿದೆ. ನೇರ ರಸ್ತೆಯಲ್ಲೂ ಸ್ಟೇರಿಂಗ್ ಒಂಚೂರು ಎಡಕ್ಕೇ ಇರುತ್ತದೆ. ಮುಂದಿನ ಚಕ್ರಗಳ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಎರಡು ಸಲ ಮಾಡಿಸಿದೆ, ಪ್ರಯೋಜನ ಆಗಲಿಲ್ಲ. ಹಿಂದಿನದನ್ನು ನಾವೇ ಮಾಡಿಕೊಳ್ಳಬಹುದಾ?

—

ಹಿಂದಿನ ಚಕ್ರಗಳು ಓರೆಯಾಗಿದ್ದು, ಅದನ್ನು ನೋಡದೆ ಮುಂದಿನದನ್ನಷ್ಟೇ ತಿರುವಿದರೆ ಹೀಗೇ ಆಗುವುದು. ಟೈರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ ನೋಡಿ. ಒಂದು ಕಡೆಗೆ ನಯ, ವಾಪಸ್ ಬರುವಾಗ ಗರಗಸದ ಹಾಗೆ ತರಚಿದರೆ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ ಅಂತ ಲೆಕ್ಕ. ಒಳ ಅಂಚು ಬೋಳಾಗಿದ್ದರೂ ಕೈಗೆ ನಯವಾಗಿದ್ದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ನೋಡಿ. ಸ್ಪ್ರಿಂಗ್ ಕುಸಿದು ಕಾರಿನ ಹಿಂಭಾಗ ತಗ್ಗಿದ್ದರೂ ಹಾಗಾಗುತ್ತದೆ.

—

ಅಳತೆ ಕಷ್ಟವಲ್ಲ, ಬೋಲ್ಟ್ ಕಷ್ಟ! ನನ್ನ ಕಾರಿನಲ್ಲಿ ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಬುಡಕ್ಕೆ ಕ್ಯಾಮ್ ಬೋಲ್ಟ್ (ನಡುವಿನಿಂದ ಸರಿದ ಬಿಲ್ಲೆ ಇರುವ ಬೋಲ್ಟ್) ಇದೆ. ಅದನ್ನು ತಿರುಗಿಸಿದರೆ ಆರ್ಮ್ ಆಚೀಚೆ ಸರಿಯಬೇಕು. ಸ್ಪಾನರ್ ಹಾಕಿ ಎಳೆದೆ, ತಿರುಗಿತು. ಖುಷಿಯಾಗಿ ಕೈ ಬಿಟ್ಟೆ, ಮೆಲ್ಲಗೆ ಹಿಂದಕ್ಕೆ ಬಂತು. ಆರ್ಮ್‌ನ ಬುಡದಲ್ಲಿರುವ ರಬ್ಬರ್ ಬುಶ್‌ನೊಳಗಿನ ಕಬ್ಬಿಣದ ಕೊಳವೆಗೆ ಬೋಲ್ಟ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ತಿರುಗಿದ್ದು ಸುಮ್ನೆ ರಬ್ಬರ್ ಅಷ್ಟೇ. ಮೂರು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿದೆ, ಜಗ್ಗಲಿಲ್ಲ. ಕೊನೆಗೆ ಬುಶ್‌ನ ಎರಡೂ ಬದಿಗೆ ಗರಗಸ ಆಡಿಸಿ ಕತ್ತರಿಸಿದೆ. ಹೊಸ ಬೋಲ್ಟ್, ಹೊಸ ಬುಶ್ ಮೊದಲೇ ತಂದಿಟ್ಟುಕೊಂಡು ಕೈ ಹಾಕಿ. ಸಡಿಲಿಸುವ ಮುಂಚೆ ಕ್ಯಾಮ್ ಎಲ್ಲಿದೆ ಅಂತ ಬಣ್ಣದಲ್ಲಿ ಗೆರೆ ಎಳೆದಿಡಿ.

ಇನ್ನೊಂದು, ಬುಶ್‌ನ ಬೋಲ್ಟನ್ನು ಕಾರು ಜಾಕಿ ಮೇಲಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೇತಾಡುವಾಗ ಬಿಗಿದರೆ, ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಾನು ಒಮ್ಮೆ ಹರಿಸಿಕೊಂಡಿದ್ದೇನೆ.

—

ಮೊದಲು ಕೆಳಗೆ ಬಗ್ಗಿ ನೋಡಿ. ಎರಡೂ ಚಕ್ರಗಳ ನಡುವೆ ಒಂದೇ ಗಟ್ಟಿ ತೊಲೆ ಇದ್ದರೆ ಸಾಮಾನ್ಯವಾಗಿ ತಿರುಗಿಸಲು ಏನೂ ಇರುವುದಿಲ್ಲ. ಕೆಲವದಕ್ಕೆ ಚಕ್ರದ ಬುಡದಲ್ಲಿ ತೆಳು ಶಿಮ್ (ಸಂದಿಗೆ ಇಡುವ ತೆಳು ಬಿಲ್ಲೆ) ಕೊಡಬಹುದು. ತೊಲೆಯೇ ಬಾಗಿದ್ದರೆ ಬದಲಾಯಿಸುವುದೇ ಲೇಸು.

ಹೊಂದಿಸಲು ಬರುವಂಥದ್ದಾದರೆ ಕ್ಯಾಂಬರ್ ಮೊದಲು, ಟೋ ಆಮೇಲೆ, ಯಾಕಂದ್ರೆ ಕ್ಯಾಂಬರ್ ಅಲುಗಿಸಿದರೆ ಟೋ ಕೂಡ ಕದಲುತ್ತದೆ. ನಾನು ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ದಾರ ಬಿಗಿದು, ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಅಂತ ಅಳೆಯುತ್ತೇನೆ. ಜಾಕಿ ಇಳಿಸಿದ ಕೂಡಲೇ ಅಳೆಯಬೇಡಿ. ಕಾರನ್ನು ಒಂದೆರಡು ಮೀಟರ್ ಮುಂದೆ ಹಿಂದೆ ತಳ್ಳಿ, ಚಕ್ರ ಸರಿಯಾಗಿ ಕೂರಲಿ. ದಾರದಲ್ಲಿ ಅಂದಾಜು ಸಿಗುತ್ತದೆ ಅಷ್ಟೇ, ಕೊನೆಗೊಮ್ಮೆ ನಾಲ್ಕೂ ಚಕ್ರಗಳನ್ನು ಮಷಿನ್‌ನಲ್ಲಿ ನೋಡಿಸಿ. ಅಲ್ಲೂ ಹಿಂದಿನದು ಮುಗಿಸಿಯೇ ಮುಂದಿನದಕ್ಕೆ ಹೋಗಲು ಹೇಳಿ.