ಮರುಭೂಮಿ ಕಣಿವೆಲಿ ರಾತ್ರಿ ಉಳ್ಕೊಳ್ಳೋ ರಾಫ್ಟಿಂಗ್: ಮೊದಲ್ನೇ ಸಲಕ್ಕೆ ಯಾವ ನದಿ?

ಪ್ರಶ್ನೆ:
ಅಮೆರಿಕದ ಯೂಟಾ, ಅರಿಜೋನಾ ಕಡೆ ಕೆಂಪು ಬಂಡೆಗಳ ಮಧ್ಯೆ ರಾಫ್ಟಲ್ಲಿ ಹೋಗಿ ದಡದಲ್ಲೇ ಟೆಂಟ್ ಹಾಕಿ ಮೂರ್ನಾಲ್ಕು ರಾತ್ರಿ ಕಳೀಬೇಕು ಅಂತ ತುಂಬಾ ಆಸೆ. ನಾನು, ಹೆಂಡ್ತಿ, 12 ವರ್ಷದ ಮಗಳು. ಹೆಂಡ್ತಿಗೆ ಈಜು ಬರಲ್ಲ, ದೊಡ್ಡ ಅಲೆ ಅಂದ್ರೆ ಭಯ. ನನ್ ತಲೇಲಿರೋದು ಗ್ರ್ಯಾಂಡ್ ಕ್ಯಾನ್ಯನ್. ಸರಿ ಹೋಗುತ್ತಾ? ಯಾವ ತಿಂಗಳು ಒಳ್ಳೇದು?

ಉತ್ತರ 1:
ಗ್ರ್ಯಾಂಡ್ ಕ್ಯಾನ್ಯನ್ ಈಗ್ಲೇ ಬೇಡ ಸರ್. ರಾಫ್ಟ್ ಹತ್ತೋ ಲೀಸ್ ಫೆರಿಯಿಂದ ಇಳಿಯೋ ಡೈಮಂಡ್ ಕ್ರೀಕ್ ವರೆಗೇ 226 ಮೈಲಿ, ರಾಪಿಡ್‌ಗಳು (ಬಂಡೆಗಳ ಮಧ್ಯೆ ನೀರು ರಭಸವಾಗಿ ಉಕ್ಕಿ ಹರಿಯೋ ಜಾಗಗಳು) ದೊಡ್ಡವು, ನೀರು ಗ್ಲೆನ್ ಕ್ಯಾನ್ಯನ್ ಡ್ಯಾಮಿನ ಆಳದಿಂದ ಬರೋದ್ರಿಂದ ಮೇಲೆ ಬಿಸಿಲು ಸುಡ್ತಿದ್ರೂ ಕೆಳಗೆ ತಣ್ಣಗೆ ಕೊರೆಯುತ್ತೆ. ನಿಮ್ಮನೆಯವ್ರು ಭಯದಲ್ಲೇ ಕೂತಿದ್ರೆ ಕಣಿವೆ ನೋಡೋದ್ಯಾರು?

ಯೂಟಾದ ಸ್ಯಾನ್ ವಾನ್ ನದಿ ನೋಡಿ. ಬ್ಲಫ್ ಊರಿನ ಹತ್ರ ಸ್ಯಾಂಡ್ ಐಲ್ಯಾಂಡಿಂದ ಮೆಕ್ಸಿಕನ್ ಹ್ಯಾಟ್‌ಗೆ 27 ಮೈಲಿ, ಆರಾಮಾಗಿ ಎರಡು ಮೂರು ರಾತ್ರಿ ಮಾಡ್ಬಹುದು, ರಾಪಿಡ್‌ಗಳು ಚಿಕ್ಕವು, ದಾರೀಲಿ ಬಟ್ಲರ್ ವಾಶ್ ಹತ್ರ ಇಳಿದ್ರೆ ಬಂಡೆ ಮೇಲೆ ಸಾಲುಸಾಲು ಹಳೇ ಕೆತ್ತನೆಗಳಿವೆ, ಮಗಳಿಗೆ ತೋರಿಸ್ಲೇಬೇಕು (ಮುಟ್ಟೋದು ಬೇಡ, ಕೈಯಲ್ಲಿರೋ ಎಣ್ಣೆ ಅಂಶದಿಂದ ಹಾಳಾಗುತ್ತೆ). ಎಡದಂಡೆ ನವಾಹೋ ನೇಷನ್‌ದು (ಅಲ್ಲಿನ ಮೂಲನಿವಾಸಿ ನವಾಹೋ ಜನರ ಸ್ವಂತ ಆಡಳಿತದ ಪ್ರದೇಶ), ಅಲ್ಲಿ ಟೆಂಟ್ ಹಾಕೋಕೆ ಬೇರೆ ಪರ್ಮಿಟ್ ಬೇಕು. ಗೈಡ್ ಜೊತೆ ಹೋದ್ರೆ ನದಿ ಪರ್ಮಿಟ್ ಅವ್ರೇ ನೋಡ್ಕೋತಾರೆ, ನೀವೇ ಹೋಗೋದಾದ್ರೆ ಸೀಸನ್ ಡೇಟ್‌ಗೆ ಪರ್ಮಿಟ್ ಲಾಟರೀಲಿ ಸಿಗ್ಬೇಕು.

ಉತ್ತರ 2:
ಸ್ಯಾನ್ ವಾನ್‌ಗೆ ನಂದೂ ವೋಟು. ತಿಂಗಳ ಬಗ್ಗೆ ಹೇಳ್ತೀನಿ: ಮೇ ಕೊನೆ, ಜೂನ್ ಶುರು. ಬೆಟ್ಟದ ಹಿಮ ಕರಗಿ ನೀರು ಚೆನ್ನಾಗಿರುತ್ತೆ, ಆಮೇಲಾಮೇಲೆ ಕಮ್ಮಿಯಾಗಿ ರಾಫ್ಟ್ ಮರಳುದಿಬ್ಬಕ್ಕೆ ಸಿಕ್ಕಾಕೊಳ್ಳುತ್ತೆ. ವಸಂತದಲ್ಲಿ ಮಧ್ಯಾಹ್ನ ಎದುರುಗಾಳಿ ಜೋರು, ಹುಟ್ಟು ಹಾಕಿದ್ರೂ ನಿಂತಲ್ಲೇ ನಿಂತಂಗೆ, ಅದಕ್ಕೇ ಬೆಳಿಗ್ಗೆ ಬೇಗ ಹೊರಟುಬಿಡಿ. ಜುಲೈಯಿಂದ ಸೆಪ್ಟೆಂಬರ್ ಗುಡುಗುಮಳೆ ಕಾಲ, ಎಲ್ಲೋ ದೂರದಲ್ಲಿ ಮಳೆ ಬಿದ್ರೂ ಒಣಗಿದ ಹಳ್ಳ ದಿಢೀರ್ ಅಂತ ಕೆಸರು ಹೊತ್ಕೊಂಡು ಉಕ್ಕುತ್ತೆ, ಪಕ್ಕದ ಹಳ್ಳದ ಬಾಯಲ್ಲಿ ಯಾವತ್ತೂ ಟೆಂಟ್ ಹಾಕ್ಬೇಡಿ. ಅಮಾವಾಸ್ಯೆ ಆಸುಪಾಸು ಡೇಟ್ ಸಿಕ್ರೆ ಬಿಡ್ಬೇಡಿ, ಎರಡು ಗೋಡೆ ಮಧ್ಯೆ ಆಕಾಶಗಂಗೆ ಬರಿಗಣ್ಣಿಗೇ ಕಾಣುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಹೆಂಡ್ತಿ ಟಾಯ್ಲೆಟ್ ಬಗ್ಗೆ ಕೇಳ್ತಿದ್ದಾಳೆ, ಹೇಳಿ ಪ್ಲೀಸ್.

ಉತ್ತರ 3:
ಮೇಡಮ್ ಕೇಳಿದ್ದು ಸರಿಯಾದ ಪ್ರಶ್ನೆ. ಮುಚ್ಚಳ ಬಿಗಿಯಾಗಿ ಕೂರೋ ಡಬ್ಬದ ಟಾಯ್ಲೆಟ್ ರಾಫ್ಟಲ್ಲೇ ಬರುತ್ತೆ, ಕ್ಯಾಂಪಿಂದ ಸ್ವಲ್ಪ ದೂರ ಮರೇಲಿ ಇಡ್ತಾರೆ, ಕೊನೇಗೆ ಎಲ್ಲಾ ವಾಪಸ್ ತರ್ಬೇಕು, ಅದು ರೂಲ್. ಮೂತ್ರ ಮಾತ್ರ ನದಿಗೇ. ಕೇಳೋಕೆ ವಿಚಿತ್ರ, ಆದ್ರೆ ಮಳೆ ಇಲ್ಲದ ಮರಳಲ್ಲಿ ವಾಸನೆ ಹೋಗೋದೇ ಇಲ್ಲ, ನಾಳೆ ಅದೇ ಜಾಗದಲ್ಲಿ ಇನ್ನೊಂದು ಗುಂಪು ಮಲಗುತ್ತೆ. ಬೆಳಿಗ್ಗೆ ಶೂ ಕೊಡವಿ ಹಾಕ್ಕೊಳ್ಳಿ, ಚೇಳು ಇರ್ತವೆ. ಲೈಫ್ ಜಾಕೆಟ್ ನೀರಲ್ಲಿ ಇರೋಷ್ಟು ಹೊತ್ತೂ ಬಕಲ್ ಹಾಕೇ ಇರ್ಲಿ, ಶಾಂತ ನೀರಲ್ಲೂ.