ಮನೆ ಹಿಂದೆ ಕಯೋಟಿ ಓಡಾಡುತ್ತಿದೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಿಷನ್ ಪೀಕ್ ಗುಡ್ಡದ ಬುಡದಲ್ಲಿದೆ. ಬೇಲಿ ಆಚೆ ಬರೀ ಹುಲ್ಲು, ಅದರ ಪಕ್ಕ ವಾಕಿಂಗ್ ಟ್ರೇಲ್. ಈಚೆಗೆ ಒಂದು ಕಯೋಟಿ (ತೋಳ, ನರಿಗಳ ಜಾತಿಗೆ ಸೇರಿದ ಇಲ್ಲಿನ ಕಾಡುಪ್ರಾಣಿ) ಹಗಲು ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತಿದೆ. ಮೊನ್ನೆ ಬೇಲಿ ಹತ್ತಿರ ನಿಂತು ನಮ್ಮ ಪುಟ್ಟ ನಾಯಿಯನ್ನೇ ನೋಡುತ್ತಿತ್ತು. ಮಗಳಿಗೆ ನಾಲ್ಕು ವರ್ಷ. ಅಪ್ಪ ಹೆಗ್ಗಡದೇವನಕೋಟೆಯವರು, ಬೆಳಿಗ್ಗೆ ಐದೂವರೆಗೆ ಎದ್ದು ಒಬ್ಬರೇ ವಾಕಿಂಗ್ ಹೊರಡುತ್ತಾರೆ. "ನಾಗರಹೊಳೆ ಪಕ್ಕ ಹುಟ್ಟಿದವನಿಗೆ ಈ ನರಿ ಯಾವ ಲೆಕ್ಕ" ಅನ್ನುತ್ತಾರೆ. ಅಮ್ಮ ಅಂತೂ ಹಿತ್ತಲ ಬಾಗಿಲು ತೆಗೆಯೋಕೂ ಹೆದರುತ್ತಿದ್ದಾರೆ. ಪಕ್ಕದ ಮನೆಯವರು ಹಿಡಿಯುವವರನ್ನು ಕರೆಸೋಣ ಎನ್ನುತ್ತಿದ್ದಾರೆ. ನೀವೆಲ್ಲ ಏನು ಮಾಡುತ್ತೀರಿ?

ಚಾಂಡ್ಲರ್, ಅರಿಜೋನಾದಿಂದ

ಮೊದಲು ಹಿತ್ತಲಿಗೆ ಒಂದು ಸುತ್ತು ಹಾಕಿ. ಪದೇಪದೇ ಬರುತ್ತಿದೆ ಅಂದರೆ ಅಲ್ಲೇನೋ ಬಾಯಿಗೆ ಸಿಗುತ್ತಿರಬೇಕು. ನಮ್ಮ ಬೀದಿಯಲ್ಲಿ ಖರ್ಜೂರದ ಮರಗಳಿವೆ. ಹಣ್ಣು ಉದುರುವ ಕಾಲಕ್ಕೆ ಸರಿಯಾಗಿ ಕಯೋಟಿ ಹಾಜರು. ಮೆಸ್ಕೀಟ್ ಮರದ ಕಾಯಿಯನ್ನೂ ಬಿಡುವುದಿಲ್ಲ. ನಿಮ್ಮ ಕಡೆ ಅಂಜೂರ, ಪರ್ಸಿಮನ್, ಪ್ಲಮ್ ಜಾಸ್ತಿ ಅಲ್ವಾ? ಬಿದ್ದ ಹಣ್ಣನ್ನು ದಿನಾ ಆರಿಸಿ ತೆಗೆಯಿರಿ.

ನಮ್ಮವರ ಮನೆಗಳಲ್ಲಿ ಇನ್ನೊಂದಿದೆ, ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಅಮ್ಮಂದಿರಿಗೆ ಉಳಿದ ಅನ್ನ ಕಸಕ್ಕೆ ಹಾಕೋಕೆ ಮನಸ್ಸು ಬರುವುದಿಲ್ಲ, ಯಾವುದಾದರೂ ಪ್ರಾಣಿ ತಿನ್ನಲಿ ಅಂತ ಬೇಲಿ ಪಕ್ಕ ಸುರಿಯುತ್ತಾರೆ. ಪಿತೃಪಕ್ಷ ಬಂದರೆ ಕಾಗೆಗೆ ಎಡೆ ಬೇರೆ. ಒಂದು ವರ್ಷ ನಮ್ಮತ್ತೆ ಇಟ್ಟ ಎಡೆಗೆ ಕಾಗೆ ಇಳಿಯುವ ಮೊದಲೇ ಕಯೋಟಿ ಬಂತು. ವಡೆಯನ್ನೆಲ್ಲ ಮುಗಿಸಿ, ಪಾಯಸ ನೆಕ್ಕಿ, ಬಾಳೆಎಲೆಯನ್ನು ಗೋಡೆವರೆಗೂ ಎಳೆದುಕೊಂಡು ಹೋಯಿತು. ಮಾವ ತೃಪ್ತರಾದರೋ ಇಲ್ಲವೋ ಎಂಬ ಅನುಮಾನ ಅತ್ತೆಗೆ ಇನ್ನೂ ಹೋಗಿಲ್ಲ. ಈಗ ಎಡೆಯನ್ನು ಮಹಡಿಯ ಬಾಲ್ಕನಿಯಲ್ಲಿ ಇಡುತ್ತೇವೆ, ಕಾಗೆ ತಿಂದಾದ ಮೇಲೆ ಎಲೆ ಎತ್ತಿಬಿಡುತ್ತೇವೆ.

ಹಕ್ಕಿಗಳಿಗೆ ಕಾಳು ತೂಗುಹಾಕಿದ್ದರೆ ಅದನ್ನೂ ನೋಡಿ. ಕೆಳಗೆ ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಇದು ಬರುತ್ತದೆ. ನಾಯಿಯ ಊಟದ ಬಟ್ಟಲು, ನೀರಿನ ಬಟ್ಟಲು ಮನೆ ಒಳಗಿರಲಿ. ಕಸದ ಡಬ್ಬವನ್ನು ಹಿಂದಿನ ರಾತ್ರಿಯೇ ರಸ್ತೆಗೆ ಇಡಬೇಡಿ.

ಬೇಲಿ ವಿಷಯ: ಆರು ಅಡಿ ಇದ್ದರೂ ಹಾರಿ, ಮುಂಗಾಲು ಊರಿ ಹತ್ತಿಬಿಡುತ್ತವೆ. ನಮ್ಮ ಇಟ್ಟಿಗೆ ಗೋಡೆ ಮೇಲೆ ಆರಾಮಾಗಿ ನಡೆದುಕೊಂಡು ಹೋಗುವುದನ್ನು ನೋಡಿದ್ದೇನೆ. ಬೇಲಿ ತುದಿಗೆ ಹಾಕುವ ಉರುಳುವ ಪೈಪ್ ಸಿಗುತ್ತದೆ, ಕಾಲಿಟ್ಟರೆ ಪೈಪ್ ತಿರುಗಿ ಹಿಡಿತ ತಪ್ಪುತ್ತದೆ. ಬುಡದಲ್ಲಿ ಅಗೆದು ನುಸುಳದ ಹಾಗೆ ತಂತಿಬಲೆಯನ್ನು ಹೊರಗಡೆಗೆ ಮಡಿಸಿ ಹೂಳಬೇಕು. ಇದೆಲ್ಲ ದುಡ್ಡಿನ ಬಾಬತ್ತು. ಹಣ್ಣು, ಅನ್ನ, ಬಟ್ಟಲು ಎತ್ತಿಡುವುದಕ್ಕೆ ಕಾಸು ಖರ್ಚಿಲ್ಲ, ಅಲ್ಲಿಂದ ಶುರುಮಾಡಿ.

ನೇಪರ್‌ವಿಲ್, ಇಲಿನಾಯ್‌ನಿಂದ

ಬಿಡುವಿದ್ದಾಗ ಇಲ್ಲಿನ ಕಾಡು ತೋರಿಸುವ ಸ್ವಯಂಸೇವಕಿಯಾಗಿ ಹೋಗುತ್ತೇನೆ. ಬಂದವರೆಲ್ಲ ಕೇಳುವುದು ಇದೇ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಗಲು ಕಂಡ ಮಾತ್ರಕ್ಕೆ ಅದಕ್ಕೆ ಹುಚ್ಚು ಹಿಡಿದಿದೆ ಎಂದಲ್ಲ. ಕಯೋಟಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಪಟ್ಟಣಗಳಲ್ಲಿ ಜನರಿಗೆ ಹೆದರಿ ರಾತ್ರಿ ಪಾಳಿ ಹಿಡಿದಿವೆ, ಅಷ್ಟೇ. ಮರಿ ಸಾಕುವ ಕಾಲದಲ್ಲಿ ಹೊಟ್ಟೆ ತುಂಬಿಸೋಕೆ ಹಗಲೂ ಓಡಾಡಲೇಬೇಕು.

ಶಿಕಾಗೋ ಸುತ್ತ 2000ನೇ ಇಸವಿಯಿಂದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಗೆರ್ಟ್ ತಂಡ ಕಯೋಟಿಗಳಿಗೆ ರೇಡಿಯೋ ಕಾಲರ್ ಕಟ್ಟಿ ಹಿಂಬಾಲಿಸುತ್ತಿದೆ. 1,400ಕ್ಕೂ ಹೆಚ್ಚು ಹಿಕ್ಕೆ ಬಿಡಿಸಿ ನೋಡಿದರು. ಶೇ. 42ರಲ್ಲಿ ಇಲಿ ಜಾತಿಯ ಪ್ರಾಣಿಗಳು, ಶೇ. 23ರಲ್ಲಿ ಹಣ್ಣು, ಶೇ. 22ರಲ್ಲಿ ಜಿಂಕೆ, ಶೇ. 18ರಲ್ಲಿ ಮೊಲ. ಒಂದೇ ಹಿಕ್ಕೆಯಲ್ಲಿ ಎರಡು ಮೂರು ಬಗೆ ಇರಬಹುದು, ಅದಕ್ಕೇ ಕೂಡಿದರೆ ನೂರಕ್ಕೆ ಸರಿಹೋಗುವುದಿಲ್ಲ. ಸಾಕಿದ ಬೆಕ್ಕು ಸಿಕ್ಕಿದ್ದು ಶೇ. ಒಂದರ ಆಸುಪಾಸು. ಕೆರೆದಂಡೆಯಲ್ಲಿ ಕಾಲಿಡಲೂ ಜಾಗ ಬಿಡದ ಕೆನಡಾ ಬಾತುಗಳಿವೆಯಲ್ಲ, ಅವುಗಳ ಮೊಟ್ಟೆಯನ್ನೂ ತಿನ್ನುತ್ತವೆ. ಆ ಲೆಕ್ಕದಲ್ಲಿ ನಾವು ಋಣಿಗಳು.

ಅವು ಮೂಲದಲ್ಲಿ ಹುಲ್ಲು ಬಯಲು, ಮರುಭೂಮಿ ಕಡೆಯವು. ಜನ ತೋಳಗಳನ್ನು ಕೊಂದು ಮುಗಿಸಿದರು, ಕಾಡು ಕಡಿದರು, ಖಾಲಿಯಾದ ಜಾಗಕ್ಕೆ ಇವು ಬಂದು ಕೂತವು. ಈಗ ಹವಾಯಿ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇವೆ. 2007ರಲ್ಲಿ ಶಿಕಾಗೋ ಪೇಟೆಯ ನಡುವೆ ಒಂದು ಕಯೋಟಿ ಸ್ಯಾಂಡ್‌ವಿಚ್ ಅಂಗಡಿಗೆ ತೆರೆದ ಬಾಗಿಲಿಂದ ನುಗ್ಗಿ, ಜ್ಯೂಸ್ ಬಾಟಲಿ ಇಡುವ ತಂಪು ಪೆಟ್ಟಿಗೆಯಲ್ಲಿ ಹೋಗಿ ಮಲಗಿತ್ತು. ಯಾರಿಗೂ ಏನೂ ಮಾಡಲಿಲ್ಲ.

ಇನ್ನು ಅಪ್ಪಾಜಿಯ ವಾಕಿಂಗ್. ಧಾರಾಳವಾಗಿ ಹೋಗಲಿ. ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು. ನಿಂತು, ಅದರ ಕಡೆಯೇ ನೋಡುತ್ತಾ, ಕೈ ಮೇಲೆತ್ತಿ ಜೋರಾಗಿ ಗದರಿಸಬೇಕು. "ಹಚಾ! ನಡಿಯಾಚೆ!" ಸಾಕು, ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ಕೊಡೆಯನ್ನು ಫಟ್ ಅಂತ ಬಿಚ್ಚಿ ಮುಚ್ಚಿದರೂ ಹೆದರುತ್ತದೆ. ಸೀಟಿ ಊದಬಹುದು, ಡಬ್ಬದಲ್ಲಿ ಚಿಲ್ಲರೆ ಹಾಕಿ ಕುಲುಕಬಹುದು, ಹಿತ್ತಲಲ್ಲಿ ಕಂಡರೆ ಪೈಪಿನಿಂದ ನೀರು ಹಾರಿಸಬಹುದು. ಮುಖ್ಯ ವಿಷಯ, ಅದು ಕಣ್ಣಿಗೆ ಕಾಣದಷ್ಟು ದೂರ ಹೋಗುವವರೆಗೂ ಬಿಡಬಾರದು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುತ್ತದೆ. ಆಗ ನೀವು ಸುಮ್ಮನಾದರೆ "ಇವರದ್ದು ಇಷ್ಟೇ" ಅಂತ ಕಲಿಯುತ್ತದೆ. ಇಲ್ಲಿ ಇದನ್ನು ಹೇಜಿಂಗ್ ಎನ್ನುತ್ತಾರೆ. ಫೋನ್ ಹಿಡಿದು ವಿಡಿಯೋ ಮಾಡುತ್ತಾ ನಿಲ್ಲುವವರೇ ಜಾಸ್ತಿ, ನನಗೆ ಸಿಟ್ಟು ಬರುವುದು ಅದಕ್ಕೆ. ಜನರಿಗೆ ಹೆದರದ ಕಯೋಟಿಯನ್ನು ಕೊನೆಗೆ ಕೊಲ್ಲುತ್ತಾರೆ.

ಮಗಳಿಗೂ ಕಲಿಸಿ: ಓಡಬೇಡ, ಜೋರಾಗಿ ಕೂಗು, ದೊಡ್ಡವರ ಕಡೆ ಬಾ. ನೀವು ಪಕ್ಕದಲ್ಲಿದ್ದರೆ ಎತ್ತಿಕೊಂಡುಬಿಡಿ. ಹಿತ್ತಲಲ್ಲಿ ಒಬ್ಬಳನ್ನೇ ಆಡಲು ಬಿಡಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಮೇಡಂ. ಹಿತ್ತಲು ನೋಡಿದೆ. ಅಂಜೂರದ ಮರದ ಬುಡದಲ್ಲಿ ಬೀಜ ತುಂಬಿದ ಹಿಕ್ಕೆ ಇತ್ತು! ಅಪ್ಪ ಕೊಡೆ ತೆಗೆದುಕೊಂಡು ಹೋಗಲು ಒಪ್ಪಿದ್ದಾರೆ, ಸೀಟಿ ಮಾತ್ರ ಬೇಡವಂತೆ, ಬಸ್ ಕಂಡಕ್ಟರ್ ತರಹ ಆಗುತ್ತದಂತೆ. ಒಂದು ವಿಷಯ ನೇರವಾಗಿ ಹೇಳಿ: ಮನುಷ್ಯರನ್ನು ಕೊಂದದ್ದು ಇದೆಯಾ?

ನೇಪರ್‌ವಿಲ್

ಇದೆ. ದಾಖಲಾಗಿರುವುದು ಎರಡು. 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಮೂರು ವರ್ಷದ ಮಗು. 2009ರಲ್ಲಿ ಕೆನಡಾದ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಒಬ್ಬಳೇ ನಡೆದು ಹೋಗುತ್ತಿದ್ದ 19 ವರ್ಷದ ಯುವತಿ. ಕಚ್ಚಿದ ಪ್ರಕರಣಗಳು ಆಗಾಗ ಆಗುತ್ತವೆ, ಅದರಲ್ಲೂ ಜನ ಊಟ ಹಾಕಿ ರೂಢಿ ಮಾಡಿದ ಕಡೆ. ಹೋಲಿಸಿ ನೋಡಬೇಕೆಂದರೆ, ಅಮೆರಿಕದಲ್ಲಿ ನಾಯಿ ಕಡಿತವೇ ವರ್ಷಕ್ಕೆ ಸುಮಾರು 45 ಲಕ್ಷ ಎಂಬ ಅಂದಾಜಿದೆ.

ಕಚ್ಚಿದರೆ ನಮ್ಮೂರಲ್ಲಿ ಮಾಡುವುದನ್ನೇ ಮಾಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ. ಕಯೋಟಿಗಳಲ್ಲಿ ರೇಬಿಸ್ ಅಪರೂಪ, ಆದರೆ ಅಪರೂಪ ಅಂತ ಇಂಜೆಕ್ಷನ್ ಬಿಡುವಂತಿಲ್ಲ.

ಬಾಸ್ಟನ್ ಹತ್ತಿರದಿಂದ

ನಾಯಿ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಪುಟ್ಟ ನಾಯಿಯನ್ನು ಹಿತ್ತಲಿಗೆ ಒಂಟಿಯಾಗಿ ಬಿಡಲೇಬೇಡಿ, ಮುಸ್ಸಂಜೆ ಮತ್ತು ನಸುಕಿನಲ್ಲಂತೂ ಬೇಡವೇ ಬೇಡ. ಲೀಶ್ ಆರಡಿಯದ್ದು ಸಾಕು. ಎಳೆದಷ್ಟೂ ಉದ್ದವಾಗುವ ಲೀಶ್ ಬೇಡ. ನಾಯಿ ಇಪ್ಪತ್ತಡಿ ಆಚೆ ಪೊದೆಯಲ್ಲಿದ್ದರೆ ನೀವು ಈ ತುದಿಯಲ್ಲಿ ಹಗ್ಗ ಹಿಡಿದುಕೊಂಡು ಏನು ಮಾಡುತ್ತೀರಿ? ನಮ್ಮ ಕಡೆಯ ಕಯೋಟಿಗಳಲ್ಲಿ ತೋಳದ ರಕ್ತ ಸ್ವಲ್ಪ ಬೆರೆತಿದೆ, ನಿಮ್ಮ ಕಡೆಯವಕ್ಕಿಂತ ದಪ್ಪ. ಹಾಗಾಗಿ ನಮ್ಮ ಲ್ಯಾಬ್ರಡಾರ್ ಕೂಡ ಲೀಶ್ ಇಲ್ಲದೆ ಹೊರಗೆ ಹೋಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಮರಿ ಹಾಕುತ್ತವೆ. ಆಗ ನಾಯಿ ಜೊತೆ ಹೋಗುವಾಗ ಕಯೋಟಿ ಸ್ವಲ್ಪ ದೂರದಲ್ಲಿ ಹಿಂದೆ ಹಿಂದೆ ಬರುವುದುಂಟು. ಬೇಟೆಗೆ ಹಿಂಬಾಲಿಸುತ್ತಿದೆ ಅಂತ ಜನ ಹೌಹಾರುತ್ತಾರೆ. ಬಿಲದ ಹತ್ತಿರದಿಂದ ನಿಮ್ಮನ್ನು ಸಾಗಹಾಕುತ್ತಿದೆ, ಅಷ್ಟೇ. ಅದಕ್ಕೆ ನಿಮ್ಮ ನಾಯಿಯೇ ಶತ್ರು. ಅಂಥ ಜಾಗದಲ್ಲಿ ಗದರಿಸಲು ಹೋಗಬೇಡಿ, ಮರಿ ಬಿಟ್ಟು ಅದು ಹೋಗುವುದಿಲ್ಲ. ನಾಯಿಯನ್ನು ಎತ್ತಿಕೊಂಡೋ ಹತ್ತಿರ ಹಿಡಿದುಕೊಂಡೋ, ಅದರ ಕಡೆ ಮುಖ ಮಾಡಿಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ. ಬೇಸಿಗೆ ಕಳೆಯುವವರೆಗೆ ಬೇರೆ ದಾರಿ ನೋಡಿಕೊಳ್ಳಿ.

ಅಮ್ಮನಿಗೆ ಇದನ್ನೂ ಹೇಳಿ: ರಾತ್ರಿ ಊಳಿಡುವುದು ಕೇಳಿದರೆ ಹತ್ತು ಹದಿನೈದು ಬಂದಿವೆ ಅನ್ನಿಸುತ್ತದೆ. ಎರಡೇ ಇದ್ದರೂ ಸ್ವರ ಏರಿಸಿ ಇಳಿಸಿ ಹಾಗೆ ಕೇಳಿಸುತ್ತವೆ. ಆಂಬುಲೆನ್ಸ್ ಸೈರನ್‌ಗೂ ದನಿಗೂಡಿಸುತ್ತವೆ.

ಸ್ಯಾನ್ ಡಿಯಾಗೋದಿಂದ

ಎಲ್ಲರೂ ಕಯೋಟಿ ಪರ ಮಾತಾಡುತ್ತಿದ್ದೀರಿ. ನಮ್ಮ ಬೆಕ್ಕು ಹೋಯಿತು. ಮಗ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಶೇ. ಒಂದು ಅಂತ ಅವನಿಗೆ ಹೇಳೋಕಾಗುತ್ತಾ? ಹಿಡಿಸಿ ದೂರ ಕಾಡಿಗೆ ಬಿಟ್ಟರೆ ಎಲ್ಲರಿಗೂ ಒಳ್ಳೆಯದಲ್ವಾ?

ನೇಪರ್‌ವಿಲ್

ಬೆಕ್ಕಿನ ವಿಷಯ ಕೇಳಿ ನಿಜವಾಗಿ ಬೇಜಾರಾಯಿತು. ಮನೆಯೊಳಗೇ ಸಾಕುವುದು ಬಿಟ್ಟರೆ ಬೆಕ್ಕಿಗೆ ಬೇರೆ ಭದ್ರತೆ ಇಲ್ಲ.

ಹಿಡಿಸುವುದು ಮಾತ್ರ ನೀವಂದುಕೊಂಡ ಹಾಗೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಿಡಿದ ಪ್ರಾಣಿಯನ್ನು ವನ್ಯಜೀವಿ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬೇರೆ ಕಡೆ ಬಿಡುವಂತಿಲ್ಲ. ಹಾಗಾಗಿ ಹಿಡಿಸುವುದು ಅಂದರೆ ಸಾಮಾನ್ಯವಾಗಿ ಕೊಲ್ಲಿಸುವುದು ಅಂತಲೇ ಅರ್ಥ. ದೂರ ಬಿಟ್ಟರೂ ಅಲ್ಲಿ ಬೇರೆ ಕಯೋಟಿಗಳ ಜಾಗ ಇರುತ್ತದೆ, ಇದು ಅಲೆದು ಅಲೆದು ರಸ್ತೆಯಲ್ಲಿ ಸಾಯುತ್ತದೆ. ಇನ್ನು ಇಲ್ಲಿ ಖಾಲಿಯಾದ ಜಾಗ? ಒಂದು ಜೋಡಿ ತನ್ನ ಎಲ್ಲೆ ಕಾಯುತ್ತಾ ಬೇರೆಯವನ್ನು ಒಳಗೆ ಬಿಡುವುದಿಲ್ಲ. ಆ ಜೋಡಿ ಹೋದರೆ ಶರತ್ಕಾಲದಲ್ಲಿ ಮನೆ ಬಿಟ್ಟು ಹೊರಟ ಪಡ್ಡೆ ಕಯೋಟಿಗಳು ಬಂದು ಸೇರುತ್ತವೆ. ಅವಕ್ಕೆ ನಿಮ್ಮ ಬೀದಿಯ ರೀತಿ ರಿವಾಜು ಗೊತ್ತಿರುವುದಿಲ್ಲ. ಸರ್ಕಾರವೇ ಈ ದೇಶದಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತದೆ, ಆದರೂ ಕಡಿಮೆಯಾಗಿಲ್ಲ.

ಹಾಗಂತ ಯಾವತ್ತೂ ದೂರು ಕೊಡಬೇಡಿ ಎಂದಲ್ಲ. ಗದರಿಸಿದರೂ ಜಗ್ಗದೆ ನಿಂತರೆ, ಮಕ್ಕಳ ಹತ್ತಿರ ಹೋದರೆ, ಲೀಶ್‌ನಲ್ಲಿರುವ ನಾಯಿಗೆ ಬಾಯಿ ಹಾಕಿದರೆ ಸಿಟಿಯ ಅನಿಮಲ್ ಕಂಟ್ರೋಲ್‌ಗೆ ಅವತ್ತೇ ಫೋನ್ ಮಾಡಿ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿತು, ಹತ್ತಿರದಲ್ಲಿ ಯಾರಾದರೂ ಊಟ ಹಾಕುತ್ತಾರಾ ಎಂದು ಹೇಳಿ. ರಸ್ತೆ ದಾಟುವುದನ್ನು ನೋಡಿದ್ದಕ್ಕೆಲ್ಲ ಫೋನ್ ಬೇಡ.

ಕೊಪ್ಪಳದವನು, ಈಗ ಡೆನ್ವರ್

ನಮ್ಮದು ಕುರಿ ಮನೆತನ. ಅಲ್ಲಿ ತೋಳ ಇದೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವೇ ಆಗಿದೆ. ತೋಳ ಕುರಿಮರಿ ಎತ್ತಿಕೊಂಡು ಹೋದರೆ ಅಜ್ಜ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದ, ಆಮೇಲೆ ರಾತ್ರಿ ಹಟ್ಟಿ ಪಕ್ಕವೇ ಕಂಬಳಿ ಹಾಸಿ ಮಲಗುತ್ತಿದ್ದ. ಬಲೆ, ನಾಯಿ, ಎಚ್ಚರ ಇಷ್ಟೇ ಅವನ ಉಪಾಯ. ಇಲ್ಲಿನ ಕುರಿ ಸಾಕುವವರೂ ಕಯೋಟಿಗೆ ಕಾವಲು ನಾಯಿ ಇಡುತ್ತಾರೆ, ಕೆಲವರು ಕತ್ತೆ, ಲಾಮಾ ಇಡುತ್ತಾರೆ. ಕತ್ತೆ ಒದೆಯುವುದು ನೋಡಿದರೆ ಕಯೋಟಿ ಮೇಲೆ ಪಾಪ ಅನ್ನಿಸುತ್ತದೆ.

ಲಾಸ್ ಏಂಜಲೀಸ್‌ನಿಂದ, ತಡವಾಗಿ ಒಂದು ಪ್ರಶ್ನೆ

ನಮ್ಮ ಕಡೆ ಮೈಮೇಲೆ ಕೂದಲೇ ಇಲ್ಲದ, ಬಡಕಲು ಕಯೋಟಿ ಬಿಸಿಲಲ್ಲಿ ಹುಲ್ಲಿನ ಮೇಲೆ ಮಲಗಿರುತ್ತದೆ. ಗದರಿಸಿದರೆ ಏಳೋಕೂ ಆಗದು. ಮಗಳು ಬ್ರೆಡ್ ಹಾಕೋಣ ಅನ್ನುತ್ತಾಳೆ.

ಚಾಂಡ್ಲರ್

ಅದು ಕಜ್ಜಿ ಕಣ್ರೀ, ಹುಳದಿಂದ ಬರುವುದು. ಕೂದಲು ಹೋಗಿ ಚಳಿ ತಡೆಯಲಾರದೆ ಬಿಸಿಲು ಕಾಯುತ್ತದೆ. ಬ್ರೆಡ್ ಬೇಡ, ಹತ್ತಿರ ಹೋಗುವುದೂ ಬೇಡ, ನಾಯಿಗೂ ಹತ್ತುತ್ತದೆ. ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿ ಫೋಟೋ ಕಳಿಸಿ. ಕೆಲವು ಕಡೆ ಔಷಧಿ ಕೊಡುವ ವ್ಯವಸ್ಥೆ ಇರುತ್ತದೆ.

ಜೊತೆಗೆ ನಿಮ್ಮ ಅಪಾರ್ಟ್‌ಮೆಂಟ್‌ನವರು ಇಲಿ ಪಾಷಾಣ ಇಡುತ್ತಾರಾ ವಿಚಾರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿಯನ್ನು ಕಯೋಟಿ, ಗೂಬೆ, ಬಾಬ್‌ಕ್ಯಾಟ್ (ಇಲ್ಲಿನ ಒಂದು ಕಾಡುಬೆಕ್ಕು) ತಿನ್ನುತ್ತವೆ, ವಿಷ ಅವುಗಳ ಮೈಗೂ ಸೇರುತ್ತದೆ. ಬಾಬ್‌ಕ್ಯಾಟ್‌ಗಳಲ್ಲಿ ಈ ವಿಷಕ್ಕೂ ಕಜ್ಜಿಗೂ ನಂಟು ಕಂಡುಬಂದಿರುವುದು ನಿಮ್ಮ ಲಾಸ್ ಏಂಜಲೀಸ್ ಸುತ್ತಲಿನ ಗುಡ್ಡಗಳಲ್ಲೇ. ಈ ವಿಷಗಳಲ್ಲಿ ತೀರಾ ಜೋರಿನ ಬಗೆಗಳಿಗೆ ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ ಕಡಿವಾಣ ಹಾಕಿದೆ. ಮುಂದಿನ ಮೀಟಿಂಗ್‌ನಲ್ಲಿ ಆ ಕಾನೂನಿನ ಹೆಸರೆತ್ತಿ, ಪಾಷಾಣದ ಬದಲು ಬೋನು ಇಡಿ ಎಂದು ಕೇಳಿ.