ಪೆಟ್ಟಾದ ರೇಸ್ ಕುದುರೆಗೆ ಬೆಲ್ಲ, ಕ್ಯಾರೆಟ್, ಮುದ್ದು: ಮೊಬೈಲ್ ಗುಂಪಿನಲ್ಲಿ ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ತೋಟದಮನೆ, ಪೊನ್ನಂಪೇಟೆ: ಡಾಕ್ಟರೇ, ನಮಸ್ಕಾರ. ಮೈಸೂರಿನಲ್ಲಿ ಓಡುತ್ತಿದ್ದ 6 ವರ್ಷದ ಹೆಣ್ಣು ಕುದುರೆಯನ್ನು ತಂದಿದ್ದೇವೆ. ಎಡ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ) ಹರಿದು 5 ವಾರವಾಯಿತು. ಲಾಯದಲ್ಲೇ ವಿಶ್ರಾಂತಿ, ದಿನಕ್ಕೆ 10 ನಿಮಿಷ ಹಗ್ಗ ಹಿಡಿದು ನಡಿಗೆ. ಪಾಪ, ಒಂಟಿಯಾಗಿದ್ದಾಳೆಂದು ಮಗಳು ದಿನಕ್ಕೆ 3 ಕೆಜಿ ಕ್ಯಾರೆಟ್ ಕೊಡುತ್ತಾಳೆ. ಸಂಜೆ ಬೇಯಿಸಿದ ಹುರುಳಿಗೆ ಅರ್ಧ ಅಚ್ಚು ಬೆಲ್ಲ. ಓಟ್ಸ್ ರೇಸಿನ ಕಾಲದಷ್ಟೇ, 4 ಕೆಜಿ. ಇನ್ನೇನು ಕೊಟ್ಟರೆ ಖುಷಿಯಾಗುತ್ತಾಳೆ? ಎರಡು ದಿನದಿಂದ ಒಳ್ಳೆಯ ಕಾಲನ್ನೂ ಎತ್ತಿ ಎತ್ತಿ ಇಡುತ್ತಿದ್ದಾಳೆ, ನಿಂತು ನಿಂತು ಬೇಸರವಾಗಿರಬೇಕು.

ಸುಂಟಿಕೊಪ್ಪದಿಂದ: ನಮ್ಮದು ರೇಸ್ ಕುದುರೆಯಲ್ಲ, ಹೋಂಸ್ಟೇಯಲ್ಲಿರುವ ತಟ್ಟು. ಬೆಲ್ಲ ಕೊಡಬಹುದೇ?

ಪಶುವೈದ್ಯ: ಚಿಟಿಕೆಯಷ್ಟು, ಆರೋಗ್ಯವಾಗಿ ಓಡಾಡುತ್ತಿದ್ದರೆ. ತಟ್ಟುಗಳು ಬೇಗ ಕೊಬ್ಬುತ್ತವೆ, ಕೊಡದಿದ್ದರೆ ಇನ್ನೂ ಒಳ್ಳೆಯದು.

ಪೊನ್ನಂಪೇಟೆಯ ಅಕ್ಕ, ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ನಾನು ಎದ್ದು ಕುಳಿತೆ. ಅದು ಬೇಸರವಲ್ಲದಿರಬಹುದು. ಈಗಲೇ ಲಾಯಕ್ಕೆ ಹೋಗಿ. ಬಲ ಮುಂಗಾಲಿನ ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕದಲ್ಲಿ ಬೆರಳಿಟ್ಟು ನಾಡಿ ನೋಡಿ. ಸಾಮಾನ್ಯವಾಗಿ ಅದು ಸಿಗುವುದೇ ಕಷ್ಟ. ನಿಮ್ಮ ಬೆರಳನ್ನು ತಳ್ಳುವಂತೆ ಬಡಿಯುತ್ತಿದ್ದರೆ, ಅವಳು ಮುಂಗಾಲು ಮುಂದಕ್ಕೆ ಚಾಚಿ ಭಾರವನ್ನು ಹಿಂಗಾಲಿಗೆ ಹಾಕುತ್ತಿದ್ದರೆ, ಇದು ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಪದರಗಳ ಉರಿಯೂತ ಎಂದೇ ತಿಳಿದು ನಡೆದುಕೊಳ್ಳಿ.

ಮಳೆಗಾಲದ ಅಣಬೆಯನ್ನು ತಿರುಗಿಸಿ ಅಡಿಯ ಪದರಗಳನ್ನು ನೋಡಿದ್ದೀರಲ್ಲ? ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಅಂಟಿಸಿರುವುದು ಅಂಥವೇ 500ಕ್ಕೂ ಹೆಚ್ಚು ಪದರಗಳು. ನೋಯುವ ಕಾಲನ್ನು ಉಳಿಸಿಕೊಳ್ಳಲು ಕುದುರೆ ಇನ್ನೊಂದು ಕಾಲಿನ ಮೇಲೆ ವಾರಗಟ್ಟಲೆ ಭಾರ ಹಾಕಿದರೆ ಆ ಪದರಗಳಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಅದರ ಜೊತೆಗೆ ಓಡದ ಕುದುರೆಗೆ ಓಡುವ ಕುದುರೆಯ ಓಟ್ಸ್, ಮೇಲೆ ಬೆಲ್ಲ. ಅತಿಯಾದ ಪಿಷ್ಟ ದೊಡ್ಡ ಕರುಳಿನಲ್ಲಿ ಹುಳಿಯುತ್ತದೆ, ಅದರ ಕೆಡುಕು ಗೊರಸಿಗೆ ಬಂದು ಮುಟ್ಟುತ್ತದೆ. ಪದರ ಸಡಿಲವಾದರೆ ಮೂಳೆ ಒಳಗೇ ತಿರುಗುತ್ತದೆ, ಇಲ್ಲವೇ ಕುಸಿಯುತ್ತದೆ. ಅಮೆರಿಕದ ಬಾರ್ಬರೋ ಎಂಬ ಕುದುರೆ 2006ರ ಪ್ರೀಕ್‌ನೆಸ್ ಓಟದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಆರೈಕೆಯೂ ಆಯಿತು. ಕೊನೆಗೆ ಕಾಡಿದ್ದು ಉಳಿದ ಕಾಲುಗಳ ಲ್ಯಾಮಿನೈಟಿಸ್. 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು.

ಓಟ್ಸ್, ಹುರುಳಿ, ಬೆಲ್ಲ, ಕ್ಯಾರೆಟ್ ಎಲ್ಲವೂ ಇವತ್ತಿನಿಂದ ಬಂದ್. ಒಣಹುಲ್ಲು ಮಾತ್ರ, 450 ಕೆಜಿ ಕುದುರೆಯಾದರೆ ದಿನಕ್ಕೆ 7ರಿಂದ 9 ಕೆಜಿ. ಅದನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೀರಿನಲ್ಲಿ ನೆನೆಸಿ, ನೀರು ಬಸಿದು ಕೊಡಿ, ಸಕ್ಕರೆಯ ಅಂಶ ಇಳಿಯುತ್ತದೆ. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ. ನಡಿಗೆ ನಿಲ್ಲಿಸಿ. ನೆಲಕ್ಕೆ ಮೊಣಕೈ ಆಳದ ಮೆತ್ತನೆಯ ಹಾಸು ಹಾಕಿ. ಗೊರಸುಗಳನ್ನು ಮಂಜುಗಡ್ಡೆ ನೀರಿನಲ್ಲಿ ಇಳಿಸಿ ಇಡಿ, ಹತ್ತು ನಿಮಿಷ ಅಲ್ಲ, ಬಿಡದೆ. ನಿಮ್ಮ ಹತ್ತಿರದ ಪಶುವೈದ್ಯರಿಗೆ ಈಗಲೇ ಫೋನ್ ಮಾಡಿ, ನೋವಿನ ಔಷಧ ಅವರೇ ಹೇಳಬೇಕು.

ಅಡ್ಡಬೆಟ್ಟ: ನನಗೆ ಬಂದ ಸಂದೇಶ ಹಾಕುತ್ತಿದ್ದೇನೆ: "ಕಾಲಿಗೆ ಅರಿಶಿನ, ಸುಣ್ಣ, ಹಂದಿ ನೆಣ ಕಾಯಿಸಿ ಹಚ್ಚಿ ಬಿಗಿಯಾಗಿ ಕಟ್ಟಿ. ಮನುಷ್ಯರ ನೋವಿನ ಮಾತ್ರೆ ಹತ್ತು ಕೊಡಿ. ಏಳನೆಯ ದಿನ ಕುದುರೆ ಓಡುತ್ತದೆ. ಹತ್ತು ಮಂದಿಗೆ ಕಳುಹಿಸಿ."

ಪಶುವೈದ್ಯ: ಯಾರಿಗೂ ಕಳುಹಿಸಬೇಡಿ. ಸುಣ್ಣ ಚರ್ಮವನ್ನು ಸುಡುತ್ತದೆ. ಬಿಗಿ ಕಟ್ಟೇ ಹೊಸ ಗಾಯ ಮಾಡುತ್ತದೆ. ಈಗಾಗಲೇ ನೋವಿನ ಔಷಧ ಕೊಡುತ್ತಿದ್ದರೆ ಅದರ ಮೇಲೆ ಇನ್ನೊಂದು ಹಾಕಿದಾಗ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಹಾಳಾಗುತ್ತದೆ. ಹರಿದ ಸ್ನಾಯುರಜ್ಜು ಗುಣವಾಗಲು 9ರಿಂದ 12 ತಿಂಗಳು ಬೇಕು. ಏಳು ದಿನದಲ್ಲಿ ಕುದುರೆ ಓಡುವುದು ಮೊಬೈಲ್‌ನಲ್ಲಿ ಮಾತ್ರ.

ಅಡ್ಡಬೆಟ್ಟ: ನಮ್ಮ ಅಜ್ಜಂದಿರು ಇದನ್ನೇ ಮಾಡುತ್ತಿದ್ದರು ಡಾಕ್ಟರೇ. ಅವರಿಗೆ ತಿಳಿವಳಿಕೆ ಇರಲಿಲ್ಲವೇ?

ಕಿತ್ತಳೆಬನ: ಅಜ್ಜಂದಿರು ಎತ್ತಿಗೆ ಮಾಡುತ್ತಿದ್ದರು ಅಣ್ಣ, ರೇಸ್ ಕುದುರೆಗಲ್ಲ. ಇರಲಿ, ನನ್ನ ಪ್ರಶ್ನೆ: ತೋಟದಲ್ಲಿ ಬಟರ್ ಫ್ರೂಟ್ ಉದುರಿ ಬಿದ್ದಿವೆ, ಕುದುರೆಗೆ ಹಾಕಬಹುದೇ?

ಪಶುವೈದ್ಯ: ಬೇಡ. ಎಲೆ, ತೊಗಟೆ ಇನ್ನೂ ಕೆಟ್ಟದ್ದು. ಮುಖ, ತುಟಿ ಊದುತ್ತವೆ, ಹೃದಯದ ಸ್ನಾಯು ಕೆಡಬಹುದು. ಆ ಮರಗಳ ಕಡೆಗೆ ಬೇಲಿ ಹಾಕಿ. ಕಿತ್ತಳೆ ಒಂದೆರಡು ತೊಳೆ ಪರವಾಗಿಲ್ಲ.

ಗೋಣಿಕೊಪ್ಪ ಚಿಕ್ಕಪ್ಪ: ನಮ್ಮ ಕುದುರೆ ಬಟರ್ ಫ್ರೂಟ್ ತಿಂದಿದೆ, ಏನೂ ಆಗಿಲ್ಲ.

ಪಶುವೈದ್ಯ: ಒಳ್ಳೆಯದು.

ಮಳೆಕಾಡು: ಸರ್, ನಾಯಿಯ ಮೂಗಿನೊಳಗೆ ಜಿಗಣೆ ಸೇರಿದೆ, ಏನು ಮಾಡಲಿ?

ಸಿದ್ದಾಪುರ: ರೇಸಿನವರು ಓಡಿಸುವಷ್ಟು ಓಡಿಸಿ, ಕುಂಟಾದ ಮೇಲೆ ನಮ್ಮ ಜಿಲ್ಲೆಗೆ ದಾಟಿಸುತ್ತಾರೆ. ಇಲ್ಲಿಯವರು ಹೋಂಸ್ಟೇ ಫೋಟೋಕ್ಕೆಂದು ತರುತ್ತಾರೆ. ಕಾಡಾನೆ ನುಗ್ಗಿ ನಮ್ಮ ಕಾಫಿ ಗಿಡ ಹೋದಾಗ ಯಾರೂ ಇಷ್ಟು ಬರೆಯಲಿಲ್ಲ.

ತೋಟದಮನೆ, ಪೊನ್ನಂಪೇಟೆ: ನಮ್ಮಲ್ಲಿ ಹೋಂಸ್ಟೇ ಇಲ್ಲ. ಮಾಂಸಕ್ಕೆ ಹೋಗಲಿದ್ದವಳನ್ನು ಬಿಡಿಸಿಕೊಂಡು ಬಂದದ್ದು. ಬಲ ಕಾಲಿನ ನಾಡಿ ಜೋರಾಗಿ ಬಡಿಯುತ್ತಿದೆ ಡಾಕ್ಟರೇ.

ಸಿದ್ದಾಪುರ: ನಿಮ್ಮನ್ನೇ ಹೇಳಿದ್ದಲ್ಲ ಅಕ್ಕ.

ಕಿತ್ತಳೆಬನ: ಮತ್ತೆ ಯಾರನ್ನು ಹೇಳಿದ್ದು? ಆನೆಯ ಮಾತು ಇಲ್ಲೇಕೆ?

ಸಿದ್ದಾಪುರ: ನೀವು ಗುಂಪಿನ ಅಡ್ಮಿನ್ನೋ?

ಪಶುವೈದ್ಯ: ಆನೆಗೆ ಬೇರೆ ಗುಂಪು ಮಾಡಿಕೊಳ್ಳಿ, ದಯವಿಟ್ಟು. ಅಕ್ಕ, ಮಂಜುಗಡ್ಡೆ ಸಿಕ್ಕಿತೇ?

ತೋಟದಮನೆ, ಪೊನ್ನಂಪೇಟೆ: ಫ್ರಿಜ್ಜಿನಲ್ಲಿದ್ದದ್ದು ಒಂದು ಬಕೆಟ್ಟಿಗೂ ಸಾಲಲಿಲ್ಲ.

ಪಶುವೈದ್ಯ: ಗೋಣಿಕೊಪ್ಪದ ಮೀನು ಅಂಗಡಿಯವರನ್ನು ಕೇಳಿ, ಅವರ ಬಳಿ ಮೂಟೆಗಟ್ಟಲೆ ಇರುತ್ತದೆ. ಪುಡಿ ಮಾಡಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನೀರು ಬೆರೆಸಿ, ಗೊರಸನ್ನು ಅದರೊಳಗಿಟ್ಟು ಗೆಣ್ಣಿನ ಮೇಲಕ್ಕೆ ಸಡಿಲವಾಗಿ ಕಟ್ಟಿ. ಎರಡೂ ಮುಂಗಾಲಿಗೆ. ಕರಗುತ್ತಿದ್ದಂತೆ ತುಂಬಿಸುತ್ತಿರಿ. ರಾತ್ರಿ ಸರದಿಯ ಮೇಲೆ ಎಚ್ಚರವಿರಿ.

ಮಗಳಿಗೆ ಹೇಳಿ, ಮುದ್ದು ಬೇಡವೆಂದಲ್ಲ. ಭುಜದ ಮೇಲೆ, ಕತ್ತು ಬೆನ್ನು ಸೇರುವ ಉಬ್ಬನ್ನು ಬೆರಳ ತುದಿಯಿಂದ ಕೆರೆಯಲಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು, ಮೇಲ್ತುಟಿ ಉದ್ದ ಮಾಡಿ ಅಲುಗಿಸುತ್ತಾಳೆ ನೋಡಿ. ಒಂದು ಆಡನ್ನು ಪಕ್ಕದಲ್ಲಿ ಕಟ್ಟಿದರೆ ಕ್ಯಾರೆಟ್ಟಿಗಿಂತ ಹೆಚ್ಚು ನೆಮ್ಮದಿ.

ಸೋಮವಾರಪೇಟೆ ಯುವಕ: ಡಾಕ್ಟರೇ, ಗಾಯವಾದ ಕುದುರೆಗೆ ಬೆಲ್ಲ ಕೊಡಬಹುದೇ?

ಪಶುವೈದ್ಯ: ಮೇಲೆ ಓದಿ.

ಗೋಣಿಕೊಪ್ಪ ಚಿಕ್ಕಪ್ಪ: ಅವಳಿಗೆ ಶಕ್ತಿ ಬರಲು ಕೋಳಿ ಆಹಾರ ಸ್ವಲ್ಪ ಬೆರೆಸಿ, ಪ್ರೋಟೀನ್ ಇದೆ.

ಪಶುವೈದ್ಯ: ಚಿಕ್ಕಪ್ಪ, ಹಿರಿಯರೆಂದು ಸುಮ್ಮನಿದ್ದೆ. ಕೋಳಿ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧ ಇರಬಹುದು. ಕೋಳಿಗೆ ಹಿತ, ಕುದುರೆಗೆ ಅಲ್ಪ ಪ್ರಮಾಣದಲ್ಲೂ ವಿಷ, ಹೃದಯ ನಿಲ್ಲುತ್ತದೆ. ಇಂಥ ಸಲಹೆ ಕೊಡುವ ಮೊದಲು ನನಗೊಂದು ಫೋನ್ ಮಾಡಿ.

ಗೋಣಿಕೊಪ್ಪ ಚಿಕ್ಕಪ್ಪ: ಒಳ್ಳೆಯದಕ್ಕೆ ಹೇಳಿದರೆ ಹೀಗೆ ಮಾತನಾಡುವುದೇ? ಮುಂದೆ ಹೇಳುವುದಿಲ್ಲ ಬಿಡಿ.

ಅಡ್ಡಬೆಟ್ಟ: ಡಾಕ್ಟರುಗಳಿಗೆ ಎಲ್ಲದಕ್ಕೂ ಸಿಟ್ಟು.

ತೋಟದಮನೆ, ಪೊನ್ನಂಪೇಟೆ: ಎರಡು ಮೂಟೆ ಮಂಜುಗಡ್ಡೆ ಬಂತು. ಕಾಲು ಇಟ್ಟ ಮೇಲೆ ಸ್ವಲ್ಪ ತಲೆ ತಗ್ಗಿಸಿದ್ದಾಳೆ. ನಮ್ಮ ವೈದ್ಯರು ಇಂಜೆಕ್ಷನ್ ಕೊಟ್ಟರು, ಎಕ್ಸ್‌ರೇ ಬೇಕೆನ್ನುತ್ತಾರೆ. ಅವರ ಬಳಿ ಯಂತ್ರ ಇಲ್ಲ.

ಪಶುವೈದ್ಯ: ಅವರ ಜೊತೆ ಮಾತನಾಡಿದೆ. ಬೆಳಗ್ಗೆ ಮೈಸೂರಿನಿಂದ ಯಂತ್ರ ತೆಗೆದುಕೊಂಡು ಹೊರಡುತ್ತೇನೆ, ಹುಣಸೂರು ದಾರಿ. ಲಾಯದಲ್ಲಿ ಕರೆಂಟ್ ಇದೆಯೇ?

ತೋಟದಮನೆ, ಪೊನ್ನಂಪೇಟೆ: ಮಳೆಗೆ ಕಂಬ ಬಿದ್ದು ಎರಡು ದಿನವಾಯಿತು. ಜನರೇಟರ್ ಇದೆ.

ಪಶುವೈದ್ಯ: ಡೀಸೆಲ್ ಈಗಲೇ ತುಂಬಿಸಿಡಿ.